ಜೂಜುವಾಡಿಯ ಈಚೆ, ಒಂಬತ್ತರ ಆಟ

ನೀವು ಹುಬ್ಬಳ್ಳಿಯವರು. ತಮಿಳುನಾಡಿನ ಗಡಿಯೂರು ಹೊಸೂರಿನ ಕನ್ನಡದವನೊಬ್ಬ ರಜನೀಕಾಂತ್ ಅವರ 'ಕೂಲಿ' ಸಿನಿಮಾದ ಮೊದಲ ಆಟಕ್ಕೆ ರಜೆ ಹಾಕಿ ಹೋದನೆಂದರೆ ನಿಮಗೆ ವಿಚಿತ್ರವೆನಿಸಿದ್ದರಲ್ಲಿ ತಪ್ಪೇನಿಲ್ಲ. "ನೀವು ಆ ಕಡೆಯವರೋ ಈ ಕಡೆಯವರೋ" ಎಂದು ನಗುತ್ತಲೇ ಕೇಳಿದಿರಿ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಿಂತು ಉತ್ತರಿಸುವ ಪ್ರಶ್ನೆಯಲ್ಲ ಅದು. ಈಗ ಬರೆಯುತ್ತೇನೆ, ಸ್ವಲ್ಪ ಉದ್ದವಾದೀತು.

ನಮ್ಮ ಮನೆ ಹೊಸೂರಿನಿಂದ ಬಾಗಲೂರಿಗೆ ಹೋಗುವ ದಾರಿಯಲ್ಲಿದೆ. ಮನೆಮಾತು ಕನ್ನಡ, ಪಕ್ಕದ ಮನೆಯವರದು ತೆಲುಗು, ಮಗ ಶಾಲೆಯಲ್ಲಿ ಕಲಿಯುವುದು ತಮಿಳು. 1956ರಲ್ಲಿ ಭಾಷಾವಾರು ರಾಜ್ಯಗಳ ಗೆರೆ ಎಳೆದಾಗ ನಾವು ಮದರಾಸಿನ ಪಾಲಿಗೆ ಉಳಿದೆವು. ಜಿಲ್ಲೆ ಮೊದಲು ಸೇಲಂ, ಆಮೇಲೆ ಧರ್ಮಪುರಿ, 2004ರಿಂದ ಕೃಷ್ಣಗಿರಿ. ವಿಳಾಸ ಬದಲಾದಷ್ಟು ಸಲ ಅಡುಗೆಮನೆಯ ಮಾತು ಬದಲಾಗಲಿಲ್ಲ. ಸಂಬಳ ಮಾತ್ರ ಬೆಂಗಳೂರಿನ ಅಂಚಿನ ಬೊಮ್ಮಸಂದ್ರದಿಂದ ಬರುತ್ತದೆ. ದಿನಕ್ಕೆರಡು ಬಾರಿ ಗಡಿಯ ಜೂಜುವಾಡಿ ಚೆಕ್‌ಪೋಸ್ಟ್ ದಾಟುತ್ತೇನೆ.

ದೊಡ್ಡ ತಮಿಳು ಸಿನಿಮಾ ಬಂದಾಗ ಈ ಗಡಿಯಲ್ಲಿ ಒಂದು ತಮಾಷೆ ನಡೆಯುತ್ತದೆ. 2023ರ ಜನವರಿಯಲ್ಲಿ ಚೆನ್ನೈಯಲ್ಲಿ ಸಿನಿಮಾ ಬಿಡುಗಡೆಯ ಸಂಭ್ರಮದಲ್ಲಿ ಅಭಿಮಾನಿಯೊಬ್ಬ ಲಾರಿಯ ಮೇಲಿಂದ ಬಿದ್ದು ಸತ್ತ. ಅಂದಿನಿಂದ ತಮಿಳುನಾಡಿನಲ್ಲಿ ನಸುಕಿನ ಆಟಗಳು ನಿಂತವು. ಎಂಥ ತಾರೆಯ ಚಿತ್ರವಾದರೂ ಮೊದಲ ಆಟ ಬೆಳಿಗ್ಗೆ 9ಕ್ಕೆ. ಬೆಂಗಳೂರಿನಲ್ಲಿ ಆ ಕಟ್ಟಿಲ್ಲ, ಆರೂ ಆರೂವರೆಗೆಲ್ಲ ತೆರೆ ಬೆಳಗುತ್ತದೆ. ಹೀಗಾಗಿ ತಮಿಳುನಾಡಿನ ಹುಡುಗರು ತಮಿಳು ಸಿನಿಮಾವನ್ನು ಎಲ್ಲರಿಗಿಂತ ಮೊದಲು ನೋಡಲು ಕತ್ತಲಲ್ಲೇ ಬೈಕು ಹತ್ತಿ ಕರ್ನಾಟಕಕ್ಕೆ ಹೋಗುತ್ತಾರೆ. ಅದೇ ಹೊತ್ತಿಗೆ ಬೆಂಗಳೂರಿನವರು ಎದುರು ದಿಕ್ಕಿನಿಂದ ಹೊಸೂರಿಗೆ ಹೊರಟಿರುತ್ತಾರೆ. ಅವರನ್ನು ಎಳೆಯುವುದು ಟಿಕೆಟ್ ದರ. ತಮಿಳುನಾಡಿನಲ್ಲಿ ಸರ್ಕಾರದ ಮಿತಿಯಿದೆ, ತೆರಿಗೆ ಸೇರಿದರೂ 200 ರೂಪಾಯಿಯೊಳಗೆ ಮುಗಿಯಬೇಕು. ಇದು ಕಾಗದದ ಮೇಲಿನ ಲೆಕ್ಕ ಎನ್ನಿ. ಮೊದಲ ದಿನ ಅಭಿಮಾನಿ ಸಂಘದ ಹುಡುಗನ ಜೇಬಿನಿಂದ ಹೊರಬರುವ ಟಿಕೆಟ್ಟಿಗೆ ಬೇರೆಯೇ ಲೆಕ್ಕವಿರುತ್ತದೆ. ಆದರೂ 'ಕೂಲಿ' ಬಂದಾಗ ಬೆಂಗಳೂರಿನ ಕೆಲವು ಮಲ್ಟಿಪ್ಲೆಕ್ಸ್‌ಗಳಲ್ಲಿ ದರ 2,000 ರೂಪಾಯಿ ಮುಟ್ಟಿದಾಗ ನಮ್ಮ ದರ ಅವರಿಗೆ ಪುಕ್ಕಟೆಯಂತೆ ಕಂಡಿರಬೇಕು. ಅದಾದ ಮರುತಿಂಗಳು ಕರ್ನಾಟಕ ಸರ್ಕಾರವೂ 200 ರೂಪಾಯಿಯ ಮಿತಿ ತಂದಿತು, ಹೈಕೋರ್ಟು ತಡೆ ಕೊಟ್ಟಿತು.

2025ರ ಆಗಸ್ಟ್ 14, ಗುರುವಾರ. ಮರುದಿನ ಹೇಗೂ ಸ್ವಾತಂತ್ರ್ಯ ದಿನದ ರಜೆ. ನಾನು ಆರರ ಆಟದ ಆಸೆ ಬಿಟ್ಟು ನಮ್ಮೂರಿನ ಒಂಬತ್ತರ ಆಟಕ್ಕೇ ಹೋದೆ. ಬೈಕು ನಿಲ್ಲಿಸುವ ಜಾಗದಲ್ಲಿ ನಮ್ಮ ಟಿಎನ್ 70ರಷ್ಟೇ ಬೆಂಗಳೂರಿನ ಕೆಎ 51 ಗಾಡಿಗಳೂ ನಿಂತಿದ್ದವು. ಕಟೌಟಿಗೆ ಹಾಲು ಸುರಿಯುತ್ತಿದ್ದರು, ತಮಟೆ ಬಾರಿಸುತ್ತಿದ್ದರು, ಕುಂಬಳಕಾಯಿ ಒಡೆಯುತ್ತಿದ್ದರು. ಮಗನನ್ನು ಕರೆದೊಯ್ಯಲಾಗಲಿಲ್ಲ. ಚಿತ್ರಕ್ಕೆ 'ಎ' ಪ್ರಮಾಣಪತ್ರ ಸಿಕ್ಕಿತ್ತು. ರಜನಿ ಸಿನಿಮಾಕ್ಕೆ ಮಕ್ಕಳನ್ನು ಬಿಟ್ಟು ಹೋಗುವುದೆಂದರೆ ಜಾತ್ರೆಗೆ ಮಕ್ಕಳನ್ನು ಬಿಟ್ಟು ಹೋದ ಹಾಗೆ. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ.

ಇನ್ನು ಸಿನಿಮಾ. ನಾನು ಅಭಿಮಾನಿ, ಆದರೆ ಕುರುಡನಲ್ಲ. ಇದರ ನಿರ್ದೇಶಕ ಲೋಕೇಶ್ ಕನಗರಾಜ್ 2019ರಲ್ಲಿ 'ಕೈದಿ' ಮಾಡಿದಾಗ ಒಂದೇ ರಾತ್ರಿ, ಒಂದು ಲಾರಿ, ಒಬ್ಬ ತಂದೆ ಇದ್ದರು, ಹಾಡೂ ಇರಲಿಲ್ಲ. ಎಲ್ಲಿಯೂ ಬಿಗಿ ಸಡಿಲವಾಗಿರಲಿಲ್ಲ. 'ಕೂಲಿ'ಯಲ್ಲಿ ದುಡ್ಡು ಧಾರಾಳ, ತಾರೆಯರು ಧಾರಾಳ, ಬಿಗಿಗೆ ಮಾತ್ರ ಬರ. ಚೆನ್ನೈಯಲ್ಲಿ ಬಾಡಿಗೆ ಕೋಣೆಗಳ ಕಟ್ಟಡ ನಡೆಸುವ ದೇವ ಎಂಬ ವಯಸ್ಸಾದವನು ಗೆಳೆಯ ಸತ್ತ ಸುದ್ದಿ ಕೇಳಿ ವಿಶಾಖಪಟ್ಟಣಕ್ಕೆ ಹೋಗುತ್ತಾನೆ, ಅದು ಸಹಜ ಸಾವಲ್ಲವೆಂದು ತಿಳಿದು ಬಂದರಿನ ಕಳ್ಳಸಾಗಣೆಯವರ ಗುಹೆಗೆ ಇಳಿಯುತ್ತಾನೆ. ಇಷ್ಟಕ್ಕೆ ಎರಡೂಮುಕ್ಕಾಲು ಗಂಟೆ ಮೀರುತ್ತದೆ. ನಾಗಾರ್ಜುನ ಖಳನಾಗಿ ನೋಡಲು ಚೆಂದ, ಹೆದರಿಕೆ ಹುಟ್ಟಲಿಲ್ಲ. ಹೆದರಿಸಿದವನು ಮಲಯಾಳದ ಸೌಬಿನ್ ಶಾಹಿರ್. 'ಮೋನಿಕಾ' ಹಾಡಿನಲ್ಲಿ ಪೂಜಾ ಹೆಗ್ಡೆಯನ್ನು ನೋಡಲು ಕಾದಿದ್ದ ಜನ ಕೊನೆಗೆ ಶಿಳ್ಳೆ ಹೊಡೆದದ್ದು ಈ ಬೋಳುತಲೆಯ ಮನುಷ್ಯನ ಕುಣಿತಕ್ಕೆ.

ನೀವು ನಮ್ಮೂರನ್ನು ಅರ್ಥಮಾಡಿಕೊಳ್ಳಲು ಒಂದೇ ಗಳಿಗೆ ಸಾಕಿತ್ತು. ಕಾಳೀಶನಾಗಿ ಉಪೇಂದ್ರ ಬಂದ ಗಳಿಗೆ. ಅಲ್ಲಿಯವರೆಗೆ ಒಂದೇ ಗದ್ದಲವಾಗಿದ್ದ ಸಭಾಂಗಣ ಆಗ ಎರಡಾಯಿತು. ಬಾಲ್ಕನಿಯ ಎಡಮೂಲೆಯಿಂದ, ನಮ್ಮ ಹಿಂದಿನ ಸಾಲಿನಿಂದ, ಕೆಳಗೆ ಬಾಗಿಲ ಪಕ್ಕದಿಂದ "ಉಪ್ಪಿ, ಉಪ್ಪಿ" ಎಂಬ ಕೂಗು ಎದ್ದಿತು. ಅಷ್ಟು ಹೊತ್ತು ತಮಿಳಿನಲ್ಲಿ ಮಾತಾಡಿಕೊಳ್ಳುತ್ತಿದ್ದ ನನ್ನ ಪಕ್ಕದವನು ಕನ್ನಡದಲ್ಲಿ ಕೂಗಿದ. ನಾನು ತಿರುಗಿ ನೋಡಿದೆ, ಅವನೂ ನನ್ನನ್ನು ನೋಡಿ ನಕ್ಕ. ಮೂರು ಗಂಟೆ ಮೊಣಕೈ ತಾಗಿಸಿಕೊಂಡು ಕುಳಿತ ಇಬ್ಬರು ಕನ್ನಡದವರು ಪರಸ್ಪರ ತಮಿಳರೆಂದು ತಿಳಿದಿದ್ದೆವು! ಹೊಸೂರಿನಲ್ಲಿ ಇದು ದಿನನಿತ್ಯದ ಸಂಗತಿ. ಉಪೇಂದ್ರರಿಗೆ ಹೊಡೆದಾಟ ಬಿಟ್ಟರೆ ಮಾಡಲು ಹೆಚ್ಚೇನೂ ಕೊಟ್ಟಿಲ್ಲ ಎಂಬ ಸಿಟ್ಟು ನನಗೆ ಈಗಲೂ ಇದೆ. ರಚಿತಾ ರಾಮ್ ವಿಷಯ ಬೇರೆ. ಮೊದಲು ಸಾಧುವಾಗಿ ಕಂಡು ಆಮೇಲೆ ಬಣ್ಣ ಬದಲಿಸುವ ಆ ಪಾತ್ರವನ್ನು ಅವರು ನುಂಗಿಬಿಟ್ಟರು. "ಯಾರಿದು, ಕನ್ನಡದ ಹುಡುಗಿಯಾ" ಎಂದು ಮಧುರೈ ಮೂಲದ ನನ್ನ ಸಹೋದ್ಯೋಗಿ ಮರುವಾರ ಕೇಳಿದಾಗ ನಾನೇ ನಟಿಸಿದಷ್ಟು ಹೆಮ್ಮೆಯಾಯಿತು.

ಒಂದು ಕೊರತೆ ಮಾತ್ರ ಮನಸ್ಸಿನಿಂದ ಹೋಗಿಲ್ಲ. ನನ್ನ ದೊಡ್ಡಪ್ಪ ಹೊಸೂರಿನ ತರಕಾರಿ ಮಂಡಿಯಲ್ಲಿ ಮೂವತ್ತು ವರ್ಷ ಮೂಟೆ ಹೊತ್ತವರು. ಹೆಗಲ ಮೇಲಿನ ತುಂಡುಬಟ್ಟೆ, ಕತ್ತಿನ ಹಿಂದೆ ಗಟ್ಟಿಯಾದ ಚರ್ಮ, ಎಲೆಕೋಸಿನ ಮೂಟೆಗೂ ಟೊಮೆಟೊ ಕ್ರೇಟಿಗೂ ಬೇರೆ ಬೇರೆ ದರ: ಇವೆಲ್ಲ ನಾನು ಕಂಡದ್ದು. ಸಿನಿಮಾಕ್ಕೆ ಆ ಹೆಸರಿಟ್ಟ ಮೇಲೆ ಅದನ್ನು ಕಾಣುವ ಆಸೆಯಿತ್ತು. ಹಿಂದಿನ ಕಥೆಯ ಭಾಗದಲ್ಲಿ, ಕಂಪ್ಯೂಟರಿನಲ್ಲಿ ಎಳೆಯನನ್ನಾಗಿ ಮಾಡಿದ ರಜನಿ ಕೂಲಿಯ ಅಂಗಿ ತೊಟ್ಟು ಬರುವಲ್ಲಿ, ಸ್ವಲ್ಪ ಹೊತ್ತು ಕಂಡಿತು. ಮಿಕ್ಕಂತೆ ಮೂಟೆಗಿಂತ ಹೆಚ್ಚಾಗಿ ಮನುಷ್ಯರೇ ಗಾಳಿಯಲ್ಲಿ ಹಾರಿದರು. ಆದರೆ ದೇವನ ಬಿಲ್ಲೆಯ ಮೇಲಿನ 1421 ಎಂಬ ಸಂಖ್ಯೆ ಬಸ್ ಕಂಡಕ್ಟರ್ ಆಗಿದ್ದ ನಿರ್ದೇಶಕರ ತಂದೆಯದು ಎಂದು ಓದಿದಾಗ ಅರ್ಧ ಸಿಟ್ಟು ಇಳಿಯಿತು. ಬೆಂಗಳೂರಿನಲ್ಲಿ ಟಿಕೆಟ್ ಹರಿಯುತ್ತಿದ್ದ ಕಂಡಕ್ಟರ್ ಶಿವಾಜಿರಾವ್ ಗಾಯಕವಾಡ ರಜನಿಯಾಗಿ 1975ರಲ್ಲಿ ತೆರೆಗೆ ಬಂದು ಐವತ್ತು ವರ್ಷ ತುಂಬಿದಾಗ, ಅವರ ಬಿಲ್ಲೆಯ ಮೇಲೆ ಇನ್ನೊಬ್ಬ ಕಂಡಕ್ಟರನ ಸಂಖ್ಯೆ!

ರಜನಿಯನ್ನು ನಾವು ಹೊರಗಿನವರೆಂದು ಯಾಕೆ ಅಂದುಕೊಳ್ಳುವುದಿಲ್ಲ ಎಂಬುದಕ್ಕೂ ಇದರಲ್ಲಿ ಉತ್ತರವಿದೆ. ಮನೆಮಾತು ಮರಾಠಿ, ಹುಟ್ಟಿದ್ದು ಬೆಂಗಳೂರು, ಅನ್ನ ಕೊಟ್ಟಿದ್ದು ತಮಿಳು. ಮನೆತನದ ಮೂಲ ಊರು ನಾಚಿಕುಪ್ಪಂ ಇರುವುದು ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲೇ, ವೇಪ್ಪನಹಳ್ಳಿಯ ಕಡೆ. ಗಡಿಯವರ ಜಾತಕವೆಲ್ಲ ಹೆಚ್ಚುಕಡಿಮೆ ಹೀಗೆಯೇ. ಹಾಗೆಂದು ಜಗಳವಿಲ್ಲವೆಂದಲ್ಲ. 2008ರಲ್ಲಿ ತಮಿಳುನಾಡಿನ ಹೊಗೇನಕಲ್ ಕುಡಿಯುವ ನೀರಿನ ಯೋಜನೆಯ ಗಲಾಟೆಯಲ್ಲಿ ರಜನಿ ಚೆನ್ನೈಯ ಉಪವಾಸದ ವೇದಿಕೆಯಲ್ಲಿ ಆಡಿದ ಮಾತು ಕರ್ನಾಟಕವನ್ನು ಕೆರಳಿಸಿತು, ಕೆಲವು ತಿಂಗಳ ನಂತರ ತಮ್ಮ ಸಿನಿಮಾ ಬಿಡುಗಡೆಗೆ ಮುನ್ನ ಕ್ಷಮೆ ಕೇಳಿದರು. ಆಗ ಅದಕ್ಕೆ ಇಲ್ಲಿಯ ತಮಿಳು ಗೆಳೆಯರು ಮುನಿದರು. ನಾನು ಯಾವ ಪಕ್ಷ? ಆ ಯೋಜನೆಯ ನೀರು ಇಂದು ಬರುವುದು ನಮ್ಮ ಜಿಲ್ಲೆಯ ನಲ್ಲಿಗಳಿಗೆ. ಕನ್ನಡದಲ್ಲಿ ಬೈದುಕೊಂಡೇ ಬಿಂದಿಗೆ ತುಂಬಿಸಿಕೊಳ್ಳುತ್ತೇವೆ.

'ಕೂಲಿ'ಗೆ ಎರಡು ತಿಂಗಳು ಮೊದಲು ಕಮಲ್ ಹಾಸನ್ ಅವರ 'ಥಗ್ ಲೈಫ್' ಕರ್ನಾಟಕದಲ್ಲಿ ಬಿಡುಗಡೆಯಾಗಲೇ ಇಲ್ಲ. ಕನ್ನಡ ತಮಿಳಿನಿಂದ ಹುಟ್ಟಿತೆಂದ ಅವರ ಮಾತು ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಹೋಗಿ ಬಂತು. ನಮ್ಮ ಮನೆಯಿಂದ ಎರಡು ಕಿಲೋಮೀಟರಿನಲ್ಲಿ ಅದು ಓಡುತ್ತಿತ್ತು. ನಾನು ಹೋಗಲಿಲ್ಲ, ಮಾತು ಚುಚ್ಚಿತ್ತು. ಹೆಂಡತಿ ತನ್ನ ತಂಗಿಯ ಜೊತೆ ಹೋಗಿ ಬಂದು "ನೀವು ಕಳೆದುಕೊಂಡದ್ದೇನೂ ಇಲ್ಲ" ಎಂದಳು.

ಕಾವೇರಿ ಬಂದ್‌ಗಳ ದಿನ ಇನ್ನೂ ಕಷ್ಟ. 2016ರಲ್ಲೂ 2023ರಲ್ಲೂ ತಮಿಳುನಾಡಿನ ಬಸ್ಸುಗಳು ಜೂಜುವಾಡಿಯಲ್ಲೇ ನಿಂತವು. ಕರ್ನಾಟಕದ ಅತ್ತಿಬೆಲೆಯವರೆಗೆ ಜನ ಗಂಟುಮೂಟೆ ಹೊತ್ತು ನಡೆದರು. ಅಂಥ ದಿನ ನಡೆಯುತ್ತಾ ಹೋಗುವಾಗ ಯಾವ ಭಾಷೆಯಲ್ಲಿ ಫೋನು ಎತ್ತಬೇಕು ಎಂದು ಲೆಕ್ಕ ಹಾಕುತ್ತೇವೆ. ಅರ್ಧ ದಾರಿಯವರೆಗೆ ತಮಿಳು, ಸ್ವಾಗತ ಫಲಕ ದಾಟಿದ ಮೇಲೆ ಕನ್ನಡ. ನಿಮಗೆ ನಗು ಬರಬಹುದು. ನನಗೂ ಬರುತ್ತದೆ, ಮನೆ ಮುಟ್ಟಿದ ಮೇಲೆ.

ಮುಂದಿನ ಸಲ ದೊಡ್ಡ ಸಿನಿಮಾ ಬಂದಾಗ ಬನ್ನಿ, ಜೊತೆಗೆ ಹೋಗೋಣ. ಆರರ ಆಟ ಬೇಕೆಂದರೆ ನಾನೇ ಚಂದಾಪುರದ ಕಡೆ ಬರುತ್ತೇನೆ, ಖರ್ಚು ನಿಮ್ಮದು. ಒಂಬತ್ತರದು ಸಾಕೆಂದರೆ ಹಿಂದಿನ ರಾತ್ರಿಯೇ ನಮ್ಮ ಮನೆಗೆ ಬನ್ನಿ. ಅಮ್ಮ ಮುದ್ದೆ ಮಾಡುತ್ತಾರೆ, ನಿಮಗೆ ನುಂಗಲು ಬರದಿದ್ದರೆ ಪಕ್ಕದ ಮನೆಯಿಂದ ಇಡ್ಲಿ ಬರುತ್ತದೆ. ಸೀಟು ಬಾಲ್ಕನಿಯ ಎಡಮೂಲೆಯಲ್ಲಿ ಹಿಡಿದಿರುತ್ತೇನೆ.