ಹೋಗುವಾಗ ಮೂರೇ ಗಂಟೆ, ಬರುವಾಗ ಎರಡು ದಿನ?

ಪ್ರಶ್ನೆ: ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಮಗಳು ಡಿಸೆಂಬರಿಗೆ ಟಿಕೆಟ್ ಮಾಡಿಸಿದ್ದಾಳೆ. ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟು ಅದೇ ದಿನ ಸಂಜೆ 5ಕ್ಕೆ ತಲುಪುತ್ತದಂತೆ! ವಾಪಸ್ ಬರುವಾಗ ಜನವರಿ 10ರ ರಾತ್ರಿ 8.30ಕ್ಕೆ ಹೊರಟು 12ರ ಬೆಳಗಿನ ಜಾವ 3.30ಕ್ಕೆ ಇಳಿಯುತ್ತದೆ. ನಿಜವಾಗಿ ಎಷ್ಟು ಹೊತ್ತು ಕೂರಬೇಕು?
– ಓದುಗರು, ಮಲ್ಲೇಶ್ವರ

ಉತ್ತರ: ಟಿಕೆಟ್ಟಿನಲ್ಲಿ ಹೊರಡುವ ವೇಳೆ ಹೊರಡುವ ಊರಿನದು, ಇಳಿಯುವ ವೇಳೆ ಇಳಿಯುವ ಊರಿನದು. ಚಳಿಗಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಗಡಿಯಾರ ನಮಗಿಂತ 13 ಗಂಟೆ 30 ನಿಮಿಷ ಹಿಂದಿರುತ್ತದೆ. ಹೋಗುವಾಗ ಅದನ್ನು ಕೂಡಿಸಿ: 3 ಗಂಟೆಗೆ ಹದಿಮೂರೂವರೆ ಸೇರಿದರೆ ಹದಿನಾರೂವರೆ ಗಂಟೆ. ಬರುವಾಗ ಕಳೆಯಿರಿ: ಟಿಕೆಟ್ಟಿನಲ್ಲಿ ಕಾಣುವುದು 31 ಗಂಟೆ, ಹದಿಮೂರೂವರೆ ಹೋದರೆ ಹದಿನೇಳೂವರೆ. ವಿಮಾನ ಗೇಟು ಬಿಟ್ಟಲ್ಲಿಂದ ಇನ್ನೊಂದು ಗೇಟಿಗೆ ಬಂದು ನಿಲ್ಲುವವರೆಗಿನ ಲೆಕ್ಕ ಇದು, ರನ್‌ವೇವರೆಗೆ ಉರುಳುವ ಹೊತ್ತೂ ಇದರಲ್ಲೇ ಬಂತು.

ಮಾರ್ಚ್‌ ಎರಡನೇ ಭಾನುವಾರದಿಂದ ನವೆಂಬರ್ ಮೊದಲ ಭಾನುವಾರದವರೆಗೆ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಆಗ ವ್ಯತ್ಯಾಸ ಹನ್ನೆರಡೂವರೆ ಗಂಟೆ ಮಾತ್ರ.

ಹೆಚ್ಚಿನವರು ಎಡವುವುದು ಬೆಳಗಿನ ಜಾವದ ತಾರೀಖಿನಲ್ಲಿ. 12ರ 3.30 ಎಂದರೆ ನಿಮ್ಮನ್ನು ಕರೆತರುವವರು 11ರ ರಾತ್ರಿಯೇ ಎಚ್ಚರವಾಗಿರಬೇಕು. ಕ್ಯಾಬ್ ಹೇಳುವಾಗ '11ರ ರಾತ್ರಿ ಕಳೆದು 12ರ ಬೆಳಗಿನ ಜಾವ' ಎಂದೇ ಬಿಡಿಸಿ ಹೇಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ಯಾವಾಗ, ಎಷ್ಟು ಎಂಬುದನ್ನು ಹೊರಡುವ ಮೊದಲೇ ವೈದ್ಯರಿಂದ ಬರೆಸಿಕೊಳ್ಳಿ.

ಇನ್ನೊಂದು ಮಾತು. 'ಡೈರೆಕ್ಟ್' ಎಂದಿದ್ದರೆ ನಡುವೆ ಎಲ್ಲೂ ಇಳಿಯುವುದಿಲ್ಲ ಎಂದು ತಿಳಿಯಬೇಡಿ. ಅದೇ ನಂಬರಿನ ವಿಮಾನ ದಾರಿಯಲ್ಲಿ ಒಂದು ಕಡೆ ನಿಲ್ಲಬಹುದು. ನೀವು ಹುಡುಕಬೇಕಾದ ಪದ 'ನಾನ್‌ಸ್ಟಾಪ್'.

ಪ್ರಶ್ನೆ: ಎರಡೂ ಊರಿನ ನಡುವೆ ದೂರ ಒಂದೇ ತಾನೆ, ಬರುವಾಗ ಒಂದು ಗಂಟೆ ಹೆಚ್ಚೇಕೆ?
– ವಿದ್ಯಾರ್ಥಿ, ವಿಜಯನಗರ

ಉತ್ತರ: ಅತಿ ಹತ್ತಿರದ ದಾರಿ ಸುಮಾರು 14,000 ಕಿ.ಮೀ. ಗೋಡೆಯ ಭೂಪಟದಲ್ಲಿ ಅದು ಕಾಣುವುದಿಲ್ಲ. ಗ್ಲೋಬಿನ ಮೇಲೆ ಎರಡೂ ಊರಿಗೆ ದಾರವನ್ನು ಬಿಗಿಯಾಗಿ ಎಳೆದು ನೋಡಿ, ಅದು ಚೀನಾ, ಸೈಬೀರಿಯಾ ದಾಟಿ ಆರ್ಕ್ಟಿಕ್ ಅಂಚಿನಲ್ಲಿ ಹಾಯ್ದು ಅಲಾಸ್ಕಾ ಕಡೆಯಿಂದ ಇಳಿಯುತ್ತದೆ. ಗಂಟೆಗೆ 900 ಕಿ.ಮೀ. ಎಂದರೆ ಹದಿನೈದೂವರೆ ಗಂಟೆ.

ಆದರೆ 10–12 ಕಿ.ಮೀ. ಎತ್ತರದಲ್ಲಿ ಪಡುವಣದಿಂದ ಮೂಡಣಕ್ಕೆ ಜೆಟ್ ಸ್ಟ್ರೀಮ್ ಬೀಸುತ್ತಿರುತ್ತದೆ, ಚಳಿಗಾಲದಲ್ಲಂತೂ ಬಲು ಜೋರು. ಹೋಗುವಾಗ ದಾರಿ ಕೊಂಚ ಉದ್ದವಾದರೂ ಪೆಸಿಫಿಕ್ ಮೇಲೆ ಆ ಗಾಳಿಯನ್ನು ಬೆನ್ನಿಗೆ ತಂದುಕೊಂಡರೆ ಹೊತ್ತೂ ಉಳಿಯುತ್ತದೆ, ಇಂಧನವೂ ಉಳಿಯುತ್ತದೆ. ಬರುವಾಗ ಅದೇ ಗಾಳಿ ಎದುರಾಗುತ್ತದೆ. ಅದನ್ನು ತಪ್ಪಿಸಲು ಉತ್ತರಕ್ಕೆ ಸರಿಯುವುದುಂಟು. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಅವರ ಮಹಿಳಾ ತಂಡ ಏರ್ ಇಂಡಿಯಾದ ಮೊದಲ ಸ್ಯಾನ್ ಫ್ರಾನ್ಸಿಸ್ಕೊ–ಬೆಂಗಳೂರು ವಿಮಾನವನ್ನು ಉತ್ತರ ಧ್ರುವದ ಮೇಲಿನಿಂದಲೇ ತಂದು ಕೆಂಪೇಗೌಡ ನಿಲ್ದಾಣದಲ್ಲಿ ಇಳಿಸಿತು. ದಾರಿಯನ್ನು ಪ್ರತಿ ಸಲವೂ ಆ ದಿನದ ಗಾಳಿ ನೋಡಿಯೇ ಗೊತ್ತುಮಾಡುತ್ತಾರೆ.