ಕಡಿಮೆ ಬೆಲೆಯ ಬ್ಯಾಡ್ಜರ್ ಶೇವಿಂಗ್ ಬ್ರಷ್: ಡಬ್ಬಿಯ ಮೇಲಿನ ಹೆಸರಲ್ಲ, ಕೂದಲಿನ ತುದಿ ನೋಡಿ

ಆನ್‌ಲೈನ್‌ನಲ್ಲಿ ಬ್ಯಾಡ್ಜರ್ ಎಂಬ ಪ್ರಾಣಿಯ ಕೂದಲಿನ ‘ಪ್ಯೂರ್ ಬ್ಯಾಡ್ಜರ್’ ಬ್ರಷ್ 1,200 ರೂಪಾಯಿಗೂ ‘ಸಿಲ್ವರ್‌ಟಿಪ್’ ಅಂತ ಬರೆದಿರುವ ಇನ್ನೊಂದು 1,500ಕ್ಕೂ ಸಿಗುತ್ತಿವೆ, ಯಾವುದನ್ನು ತೆಗೆದುಕೊಳ್ಳಲಿ, ಕೊಟ್ಟ ದುಡ್ಡಿಗೆ ಮೋಸ ಇಲ್ಲವೇ ಎಂದು ಕೇಳಿದ್ದೀರಿ. ಎರಡರಲ್ಲಿ ಒಂದನ್ನು ಆರಿಸಲೇಬೇಕು ಅಂದರೆ ಪ್ಯೂರ್ ತೆಗೆದುಕೊಳ್ಳಿ. ಆ ಬೆಲೆಗೆ ನಿಜವಾದ ಸಿಲ್ವರ್‌ಟಿಪ್ ಸಿಗುತ್ತದೆಂದು ನಾನು ನಂಬುವುದಿಲ್ಲ.

ಕೆಳಗಿನಿಂದ ಮೇಲಕ್ಕೆ ಪ್ಯೂರ್, ಬೆಸ್ಟ್, ಸೂಪರ್, ಸಿಲ್ವರ್‌ಟಿಪ್ ಎನ್ನುವ ದರ್ಜೆಗಳಿಗೆ ಐಎಸ್‌ಐ ಗುರುತಿನಂಥ ಯಾವ ಮಾನದಂಡವೂ ಇಲ್ಲ. ಒಂದು ಕಂಪನಿ ಬೆಸ್ಟ್ ಅನ್ನುವುದನ್ನು ಇನ್ನೊಂದು ಸೂಪರ್ ಅನ್ನಬಹುದು, ಕೇಳುವವರಿಲ್ಲ. ಸ್ಥೂಲವಾಗಿ ಹೇಳಬೇಕೆಂದರೆ ಪ್ಯೂರ್ ಕೂದಲು ಕಪ್ಪು ಬೂದು ಬಣ್ಣದ್ದು, ಒರಟು. ಮೇಲಿನ ದರ್ಜೆಗೆ ಹೋದಂತೆ ಎಳೆ ನಯವಾಗುತ್ತದೆ, ತುದಿ ಬಿಳಿಯಾಗುತ್ತದೆ. ಆ ಬಿಳಿ ತುದಿಗೆ ಜನ ಹೆಚ್ಚು ದುಡ್ಡು ಕೊಡುತ್ತಾರೆ ಎಂದು ಗೊತ್ತಾದ ಮೇಲೆ ಅಗ್ಗದ ಕೂದಲಿಗೆ ಬ್ಲೀಚ್ ಹಾಕಿ ಬಿಳಿ ಮಾಡಿ ಮಾರುವವರೂ ಹುಟ್ಟಿಕೊಂಡರು. ಸಹಜವಾದ ಬಿಳುಪು ಕೆನೆಯ ಬಣ್ಣದಲ್ಲಿರುತ್ತದೆ, ಎಳೆಯ ನಡುವಿನ ಕಪ್ಪು ಪಟ್ಟಿಯೊಳಗೆ ನಿಧಾನವಾಗಿ ಕರಗುತ್ತದೆ. ಬ್ಲೀಚ್ ಹಾಕಿದ್ದು ಕಾಗದದಷ್ಟು ಬೆಳ್ಳಗೆ, ಎಲ್ಲ ಎಳೆಗಳಲ್ಲೂ ಒಂದೇ ಎತ್ತರದಲ್ಲಿ ಗೆರೆ ಎಳೆದ ಹಾಗೆ ಕಾಣುತ್ತದೆ. ಅಂಥ ತುದಿಗಳು ಬೇಗ ಮುರಿಯಬಹುದು.

ಹಾಗಾದರೆ ಏನು ನೋಡಬೇಕು? ಮೊದಲು ತುದಿ. ಬ್ಯಾಡ್ಜರ್ ಎಳೆ ಬುಡದಲ್ಲಿ ಸಣ್ಣ, ನಡುವೆ ದಪ್ಪ, ತುದಿಯಲ್ಲಿ ಸೂಜಿಯಂತೆ ಸಣ್ಣಗಾಗುತ್ತದೆ. ಒಳ್ಳೆಯ ಕೆಲಸಗಾರರು ಎಳೆಗಳನ್ನು ಅಚ್ಚಿನಲ್ಲಿಟ್ಟು, ತುದಿಗೆ ಕತ್ತರಿ ತಾಗಿಸದೆ ಗುಮ್ಮಟದ ಆಕಾರಕ್ಕೆ ತರುತ್ತಾರೆ. ಅಗ್ಗದ ಬ್ರಷ್‌ಗಳಲ್ಲಿ ಕೂದಲನ್ನು ಕಟ್ಟಿದ ಮೇಲೆ ಕತ್ತರಿಸಿ ಆಕಾರ ಕೊಡುತ್ತಾರೆ. ಕತ್ತರಿಸಿದ ತುದಿ ಮೊಂಡು, ಅದು ಕೆನ್ನೆಗೆ ಚುಚ್ಚುತ್ತದೆ, ಎಷ್ಟು ವರ್ಷ ಬಳಸಿದರೂ ಆ ಚುಚ್ಚು ಪೂರ್ತಿ ಹೋಗುವುದಿಲ್ಲ. ಅಗ್ಗದ ಬ್ಯಾಡ್ಜರ್ ಬಗ್ಗೆ ಸಾಮಾನ್ಯವಾಗಿ ಬರುವ ದೂರು ಇದೇ. ಭೂತಗನ್ನಡಿ ಇದ್ದರೆ ಹಿಡಿದು ನೋಡಿ, ಇಲ್ಲದಿದ್ದರೆ ಬಿಸಿಲಿನಲ್ಲಿ ಫೋನ್ ಕ್ಯಾಮೆರಾ ಸಾಕು. ಒಣ ಬ್ರಷ್ ಒತ್ತಿ ತೀರ್ಮಾನಕ್ಕೆ ಬರಬೇಡಿ, ಒಳ್ಳೆಯದೂ ಒಣಗಿದಾಗ ಸ್ವಲ್ಪ ಚುಚ್ಚುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಎರಡು ಮೂರು ನಿಮಿಷ ನೆನೆಸಿ ಆಮೇಲೆ ಕೆನ್ನೆಯ ಮೇಲೆ ನೇರವಾಗಿ ಒತ್ತಿ.

ಎರಡನೆಯದು ಕೂದಲು ಎಷ್ಟು ಒತ್ತಾಗಿದೆ ಅನ್ನುವುದು. ನಾಟ್ ಅಂತ ಕರೆಯುವ ಕೂದಲ ಕಟ್ಟಿನ ಬುಡದ ವ್ಯಾಸ, ಹಿಡಿಯಿಂದ ಮೇಲಕ್ಕೆ ಕಾಣುವ ಕೂದಲಿನ ಎತ್ತರ, ಈ ಎರಡನ್ನೂ ಮಿಲಿಮೀಟರಿನಲ್ಲಿ ಕೇಳಿ ತಿಳಿದುಕೊಳ್ಳಿ. 22 ಮಿ.ಮೀ. ವ್ಯಾಸಕ್ಕೆ 50ರ ಆಸುಪಾಸಿನ ಎತ್ತರ ಸರಿ. 20 ಮಿ.ಮೀ. ಕಟ್ಟಿಗೆ 60 ಎತ್ತರ ಇಟ್ಟರೆ ಫೋಟೋದಲ್ಲಿ ಭರ್ಜರಿಯಾಗಿ ಕಾಣುತ್ತದೆ, ಕೈಗೆ ಬಂದಾಗ ಮುಖದ ಮೇಲೆ ಬಾಗಿ ಬಿದ್ದುಹೋಗುತ್ತದೆ. ಕಡಿಮೆ ಕೂದಲಿನಲ್ಲಿ ದೊಡ್ಡ ಬ್ರಷ್ ತೋರಿಸುವ ಸುಲಭದ ದಾರಿ ಇದು. ಅಳತೆಯನ್ನೇ ಹೇಳದ ಮಾರಾಟಗಾರರಿಂದ ನಾನು ಕೊಳ್ಳುವುದಿಲ್ಲ.

ಕೂದಲು ಉದುರುವುದಕ್ಕೆ ಹೆದರಬೇಡಿ. ಮೊದಲ ಒಂದೆರಡು ವಾರ ಅಲ್ಲೊಂದು ಇಲ್ಲೊಂದು ಎಳೆ ಬರುತ್ತದೆ, ಆಮೇಲೆ ನಿಲ್ಲಬೇಕು. ನಿಲ್ಲದಿದ್ದರೆ, ಅಥವಾ ಗೊಂಚಲಾಗಿ ಬಂದರೆ, ಬುಡದ ಅಂಟು ಸರಿಯಿಲ್ಲ, ವಾಪಸ್ ಮಾಡಿ. ಉದುರಿದ ಒಂದು ಎಳೆಯನ್ನು ಸುಟ್ಟು ನೋಡಿ: ಪ್ರಾಣಿಯ ಕೂದಲಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತದೆ, ನೈಲಾನ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಬ್ಯಾಡ್ಜರ್ ಅಲ್ಲದೆ ಬೇರೆ ಪ್ರಾಣಿಯದಾದರೂ ಇದೇ ವಾಸನೆ ಬರುವುದರಿಂದ ಈ ಪರೀಕ್ಷೆ ಪ್ಲಾಸ್ಟಿಕ್ ಹಿಡಿಯಲು ಮಾತ್ರ. ಹೊಸ ಬ್ರಷ್‌ನ ಪ್ರಾಣಿವಾಸನೆ ನಾಲ್ಕೈದು ಸಲ ಶಾಂಪೂ ಹಾಕಿ ತೊಳೆದರೆ ಹೋಗುತ್ತದೆ, ಅದು ದೋಷವಲ್ಲ.

ಬ್ಯಾಡ್ಜರ್ ಹೆಸರಿನಲ್ಲಿ ಬೇರೆಯದನ್ನು ಮಾರುವ ಚಾಳಿ ಹಳೆಯದು. ಮೊದಲ ಮಹಾಯುದ್ಧದಲ್ಲಿ ಬ್ಯಾಡ್ಜರ್ ಕೂದಲಿನ ಪೂರೈಕೆ ಏರುಪೇರಾದಾಗ, ಕುದುರೆ ಕೂದಲನ್ನು ಅದರಂತೆ ಕಾಣುವ ಹಾಗೆ ಮಾಡಿ ಮಾರಿದರು. ಸರಿಯಾಗಿ ಶುದ್ಧಿ ಮಾಡದ ಆ ಕೂದಲಿನಿಂದ ಬ್ರಿಟನ್ ಮತ್ತು ಅಮೆರಿಕದಲ್ಲಿ ಸೈನಿಕರಿಗೂ ಸಾಮಾನ್ಯರಿಗೂ ಅಂಥ್ರಾಕ್ಸ್ ಎಂಬ ಮಾರಕ ರೋಗ ತಗುಲಿತ್ತು. ಇಂದು ಆ ಭಯ ಬೇಡ. ಆದರೆ ತಯಾರಕರ ಹೆಸರೇ ಇಲ್ಲದ ಬ್ರಷ್ ಮುಖಕ್ಕೆ ತಾಗುವುದು ನನಗೆ ಇಷ್ಟವಿಲ್ಲ.

ಇಷ್ಟು ಹೇಳಿದ ಮೇಲೆ ನನ್ನ ನಿಜವಾದ ಸಲಹೆ: ನಿಮ್ಮ ಬಜೆಟ್ಟಿಗೆ ಸಿಂಥೆಟಿಕ್ ತೆಗೆದುಕೊಳ್ಳಿ. ಹಳೆಯ ಕಾಲದ ಗಡಸು ನೈಲಾನ್ ನೆನಪಿಸಿಕೊಳ್ಳಬೇಡಿ, ಈಗ ಬರುವ ಎಳೆಗಳು ಬಹಳ ಮೃದು. ಟ್ಯೂಬಿನ ಕ್ರೀಮ್ ಬಳಸುವವರಿಗಂತೂ ಒಂದು ಬಟಾಣಿಯಷ್ಟು ಕ್ರೀಮಿನಲ್ಲಿ ಮುಖ ತುಂಬ ನೊರೆ ಬರುತ್ತದೆ. ಅದೇ 1,200ಕ್ಕೆ ಚೀನಾದ ಯಾಕಿಯಂಥ ಕಂಪನಿಯ ಸಿಂಥೆಟಿಕ್‌ನಲ್ಲಿ ದುಡ್ಡು ಕೆಲಸಗಾರಿಕೆಗೆ ಹೋಗುತ್ತದೆ, ಅಗ್ಗದ ಬ್ಯಾಡ್ಜರ್‌ನಲ್ಲಿ ಪ್ರಾಣಿಯ ಹೆಸರಿಗೆ ಹೋಗುತ್ತದೆ. ಕರಾವಳಿ ಅಥವಾ ಮಲೆನಾಡಿನವರಾದರೆ ಇನ್ನೊಂದು ಕಾರಣವಿದೆ: ಮಳೆಗಾಲದಲ್ಲಿ ಬ್ಯಾಡ್ಜರ್ ಬೇಗ ಒಣಗದೆ ಬೂಸ್ಟು ಹಿಡಿಯಬಹುದು, ಸಿಂಥೆಟಿಕ್ ಕೊಡವಿ ಇಟ್ಟರೆ ಸಾಕು. ಗಟ್ಟಿ ಸೋಪಿನ ಬಿಲ್ಲೆ ಬಳಸುವವರಾಗಿದ್ದರೆ ಇಟಲಿಯ ಒಮೆಗಾದ ಹಂದಿ ಕೂದಲಿನ ಬ್ರಷ್ ನೋಡಬಹುದು, ಬಳಸಿದಂತೆ ಅದರ ತುದಿ ಸೀಳಿ ಮೆತ್ತಗಾಗುತ್ತದೆ. ಹಂದಿ ಕೂದಲು ಮನೆಯಲ್ಲಿ ಬೇಡ ಅನ್ನುವವರೂ ಇದ್ದಾರೆ, ಅದಕ್ಕೇ ಮೊದಲೇ ಹೇಳಿದೆ.

ಪ್ರಾಣಿಯ ವಿಷಯವನ್ನೂ ಬಿಡಲಾರೆ. ಇದು ನಮ್ಮ ಕಾವೇರಿ ಕಾಡಿನ ತರಕರಡಿಯ (ಹನಿ ಬ್ಯಾಡ್ಜರ್) ಕೂದಲಲ್ಲ, ಹೆಚ್ಚಿನದು ಚೀನಾದಿಂದ ಬರುತ್ತದೆ. ಬ್ರಿಟನ್ನಿನಲ್ಲಿ 1992ರ ಕಾಯ್ದೆ ಬ್ಯಾಡ್ಜರ್‌ಗಳನ್ನು ರಕ್ಷಿಸುತ್ತದೆ. ಚೀನಾದ ಸಾಕಣೆ ಕೇಂದ್ರಗಳಲ್ಲಿ ಅವನ್ನು ಕೂಡಿಹಾಕಿ ಕೊಲ್ಲುವ ರೀತಿಯನ್ನು 2018ರಲ್ಲಿ ಪ್ರಾಣಿಹಕ್ಕು ಸಂಘಟನೆ ಪೇಟಾ ಏಷ್ಯಾ ಹೊರಗೆ ತಂದಿತು. ಇದನ್ನು ತಿಳಿದ ಮೇಲೆ ನಾನು ಹೊಸ ಬ್ಯಾಡ್ಜರ್ ಕೊಂಡಿಲ್ಲ, ಇರುವುದನ್ನು ಚೆನ್ನಾಗಿ ಇಟ್ಟುಕೊಂಡಿದ್ದೇನೆ. ನಿಮ್ಮ ತೀರ್ಮಾನ ನಿಮ್ಮದು.

ಬೆಂಗಳೂರಿನ ಬೋರ್‌ವೆಲ್ ನೀರಿನ ಬಡಾವಣೆಯಲ್ಲಿದ್ದರೆ ಕೊನೆಯದಾಗಿ ಇದನ್ನು ಮಾಡಿ. ಗಡಸು ನೀರಿನಲ್ಲಿ ಎಂಥ ಬ್ರಷ್‌ನಲ್ಲೂ ನೊರೆ ಒಡೆಯುತ್ತದೆ, ಸೋಪಿನ ಸುಣ್ಣದಂಥ ಜಿಡ್ಡು ಕೂದಲಿಗೆ ಮೆತ್ತಿ ತುದಿ ಒರಟಾಗುತ್ತದೆ. ವಾಪಸ್ ಕಳಿಸುವ ಮೊದಲು ಒಂದು ದಿನ ಆರ್‌ಒ ನೀರಿನಲ್ಲಿ ನೊರೆ ಮಾಡಿ ನೋಡಿ. ಅದರಲ್ಲಿ ಚೆನ್ನಾಗಿ ಬಂದರೆ ಬ್ರಷ್ ಇಟ್ಟುಕೊಳ್ಳಿ, ತಿಂಗಳಿಗೊಮ್ಮೆ ಒಂದು ಪಾಲು ವಿನೆಗರ್‌ಗೆ ಹತ್ತು ಪಾಲು ನೀರು ಬೆರೆಸಿ ಐದು ನಿಮಿಷ ಅದ್ದಿ, ತೊಳೆದು, ಬಚ್ಚಲಿನ ಹೊರಗೆ ಗಾಳಿಯಾಡುವ ಕಡೆ ಒಣಗಿಸಿ.