ಬಸುರಿಯ ಹೋಮೋಸಿಸ್ಟೀನ್, ಮಗುವಿನ ತೂಕ ಮತ್ತು ಜೀನಿನ ಸಾಕ್ಷ್ಯ

ಪ್ರಶ್ನೆ: ನನ್ನ ಸೊಸೆ ಐದು ತಿಂಗಳ ಗರ್ಭಿಣಿ. ರಕ್ತದಲ್ಲಿ ಬಿ12 ಕಡಿಮೆ, ಹೋಮೋಸಿಸ್ಟೀನ್ ಹೆಚ್ಚು ಎಂದು ವರದಿ ಬಂದಿದೆ. ಹೋಮೋಸಿಸ್ಟೀನ್ ಹೆಚ್ಚಿದರೆ ಮಗುವಿನ ತೂಕ ಕುಗ್ಗುತ್ತದೆಂದು ಮೈಸೂರಿನ ತಾಯಂದಿರ ಜೀನ್ ನೋಡಿ ಹೇಳಿದ್ದಾರಂತೆ. ಊಟವೇ ಸಾಲದವರಿಗೆ ಇವೆರಡೂ ಆಗುವುದು ಸಹಜವಲ್ಲವೇ? ಜೀನ್ ನೋಡಿ ಕಾರಣ ಹೇಳುವುದು ಹೇಗೆ? ಜೀನ್ ಪರೀಕ್ಷೆ ಮಾಡಿಸಬೇಕೇ?
– ಓದುಗರು, ಮದ್ದೂರು

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದು. ಹೋಮೋಸಿಸ್ಟೀನ್ ಎಂಬುದು ರಕ್ತದಲ್ಲಿರುವ ಒಂದು ಅಮೈನೋ ಆಮ್ಲ; ಬಿ12 ಅಥವಾ ಫೋಲೇಟ್ ಎಂಬ ಇನ್ನೊಂದು ಬಿ ಜೀವಸತ್ವ ಕಡಿಮೆಯಾದರೆ ಅದು ಏರುತ್ತದೆ. ಹೋಮೋಸಿಸ್ಟೀನ್ ಹೆಚ್ಚಿರುವ ತಾಯಿಗೆ ಬಡತನ, ರಕ್ತಹೀನತೆ, ಹಾಲು ಮೊಸರಿನ ಕೊರತೆ ಎಲ್ಲವೂ ಒಟ್ಟಿಗೇ ಇರಬಹುದಾದ್ದರಿಂದ, ತೂಕ ತಗ್ಗಿಸಿದ್ದು ಯಾವುದೆಂದು ರಕ್ತದ ಅಳತೆಯೊಂದರಿಂದಲೇ ಬಿಡಿಸಿ ಹೇಳಲಾಗದು.

ಇಲ್ಲಿ ನೆರವಾಗುವುದು ಮೆಂಡೆಲಿಯನ್ ರ‍್ಯಾಂಡಮೈಸೇಶನ್ ಎಂಬ ವಿಧಾನ. ಎಂಟಿಎಚ್‌ಎಫ್‌ಆರ್ ಜೀನಿನ 677ನೆಯ ಸ್ಥಾನದಲ್ಲಿ ಒಂದು ಅಕ್ಷರ ಬದಲಾಗಿದ್ದರೆ ಫೋಲೇಟನ್ನು ಬಳಕೆಗೆ ಒದಗಿಸುವ ಕಿಣ್ವದ ಕೆಲಸ ಕುಂದಿ, ಹೋಮೋಸಿಸ್ಟೀನ್ ಏರುತ್ತದೆ. ಹೆತ್ತವರಲ್ಲಿರುವ ಎರಡೆರಡು ಪ್ರತಿಗಳಲ್ಲಿ ಯಾವುದು ನಮ್ಮ ಪಾಲಿಗೆ ಬಂತೆಂಬುದು ಚೀಟಿ ಎತ್ತಿದಂತೆ. ಮುಂದೆ ನಾವು ಏನು ಉಣ್ಣುತ್ತೇವೆ, ಎಷ್ಟು ದುಡಿಯುತ್ತೇವೆ ಎಂಬುದರಿಂದ ಅದು ಬದಲಾಗದು. ಆದ್ದರಿಂದ ಈ ರೂಪ ಪಡೆದ ತಾಯಂದಿರ ಮಕ್ಕಳ ತೂಕವೂ ಕಡಿಮೆಯಿದ್ದರೆ, ಊಟದ ಕೊರತೆಯೊಂದನ್ನೇ ಹೊಣೆ ಮಾಡಲಾಗದು. ಮೈಸೂರಿನ ಮಿಷನ್ ಆಸ್ಪತ್ರೆಯ ಪಾರ್ಥೆನಾನ್ ಅಧ್ಯಯನ ಹಾಗೂ ಪುಣೆಯ ಅಧ್ಯಯನವೊಂದರ ತಾಯಂದಿರನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆ ಈ ಸಂಬಂಧವನ್ನೇ ತೋರಿಸಿತು.

ಆದರೆ ಇದನ್ನು ಅಂತಿಮ ತೀರ್ಪೆಂದು ನಾನು ಓದುವುದಿಲ್ಲ. ತಾಯಿಯ ಜೀನುಗಳಲ್ಲಿ ಅರ್ಧ ಮಗುವಿಗೂ ಬರುವುದರಿಂದ ಮಗುವಿನ ಜೀನಿನ ಪರಿಣಾಮವನ್ನು ಬೇರ್ಪಡಿಸಲೇಬೇಕು. ಜಾತಿಯೊಳಗೇ ಮದುವೆಯಾಗುವ ನಮ್ಮಲ್ಲಿ ಒಂದು ಜೀನ್ ರೂಪದ ಪ್ರಮಾಣವೂ ಊಟದ ರೂಢಿಯೂ ಸಮುದಾಯದಿಂದ ಸಮುದಾಯಕ್ಕೆ ಬೇರೆಯಾಗಿರಬಹುದಾದ್ದರಿಂದ, ಅದನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಬೇಡವೆಂದ ಗೊಂದಲವೇ ಹಿಂಬಾಗಿಲಿನಿಂದ ಒಳಬರುತ್ತದೆ. ಎಲ್ಲಕ್ಕಿಂತ ಬಿಗಿಯಾದ ತೊಡಕು ಇನ್ನೊಂದು. ಆ ಕಿಣ್ವ ಹೋಮೋಸಿಸ್ಟೀನನ್ನಷ್ಟೇ ಅಲ್ಲ, ಫೋಲೇಟಿನ ಇಡೀ ವ್ಯವಹಾರವನ್ನೂ ಜೀನುಗಳ ಚಟುವಟಿಕೆಯನ್ನು ಹತೋಟಿಯಲ್ಲಿಡುವ ಮಿಥೈಲ್ ಎಂಬ ಸಣ್ಣ ರಾಸಾಯನಿಕ ಗುಂಪು ಡಿಎನ್‌ಎಗೆ ಸೇರುವುದನ್ನೂ ಮುಟ್ಟುತ್ತದೆ; ಹಾಗಾಗಿ ದೋಷ ಆ ದಾರಿಯಲ್ಲಿದೆ ಎನ್ನಬಹುದೇ ಹೊರತು, ಹೋಮೋಸಿಸ್ಟೀನೇ ಅಪರಾಧಿ ಎಂದು ಈ ಜೀನೊಂದೇ ಸಾಬೀತು ಮಾಡದು. ಬಿ12 ಕೊಟ್ಟರೆ ತೂಕ ಎಷ್ಟು ಹೆಚ್ಚೀತು ಎಂಬುದನ್ನಂತೂ ಗರ್ಭಿಣಿಯರಲ್ಲೇ ನಡೆಸಿದ ಔಷಧ ಪ್ರಯೋಗ ಹೇಳಬೇಕು.

ನಿಮ್ಮ ಸೊಸೆಗೆ ಜೀನ್ ಪರೀಕ್ಷೆ ಬೇಡ, ಅದರಿಂದ ಚಿಕಿತ್ಸೆ ಬದಲಾಗುವುದಿಲ್ಲ. ಬಿ12 ಕೊರತೆಗೆ ವೈದ್ಯರು ಹೇಳಿದಂತೆ ಮಾತ್ರೆಯನ್ನೋ ಚುಚ್ಚುಮದ್ದನ್ನೋ ತೆಗೆದುಕೊಳ್ಳಲಿ. ಫೋಲಿಕ್ ಆಮ್ಲದ ಮಾತ್ರೆಯೊಂದನ್ನೇ ನೆಚ್ಚಿದರೆ ರಕ್ತಹೀನತೆ ಸುಧಾರಿಸಿದಂತೆ ಕಂಡು, ನರಗಳಿಗೆ ತಟ್ಟುವ ಬಿ12 ಕೊರತೆ ಮರೆಯಲ್ಲೇ ಉಳಿಯಬಹುದು.